ಮಳೆಗೂ ಹೊಳೆಗೂ ಕಡಲಿಗೂ ಒಂದೇ ಪುಟ್ಟ ಕ್ಯಾಮೆರಾ: ಟಫ್ ಟಿಜಿ-6 ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಜೂನ್ ಹುಟ್ಟಿ ಮಳೆ ಹಿಡಿದುಕೊಂಡಿತೆಂದರೆ ದೊಡ್ಡ ಕ್ಯಾಮೆರಾದವರು ಅದರ ಜೊತೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕಪಾಟಿಗೆ ಬೀಗ ಜಡಿಯುತ್ತಾರೆ. ಪಶ್ಚಿಮಘಟ್ಟ ನೋಡಲೇಬೇಕಾದ ಹೊತ್ತು ಅದೇ. ಅರೆಬಂಡೆಯ ಮೇಲೆ ಪಾಚಿ ಹಸಿರುಕ್ಕುವುದು, ಕಪ್ಪೆಗಳ ವಟಗುಟ್ಟುವಿಕೆ ಶುರುವಾಗುವುದು, ಹೆಸರಿಲ್ಲದ ಅಬ್ಬಿಗಳು ಗುಡ್ಡದ ಮೈಯಿಂದ ಧುಮುಕುವುದು ಎಲ್ಲವೂ ಆ ನಾಲ್ಕು ತಿಂಗಳ ಸಂಗತಿ. ನೀರು, ಧೂಳು, ಪೆಟ್ಟು ತಡೆಯುವ ಪುಟ್ಟ ಕ್ಯಾಮೆರಾ ಕೈಯಲ್ಲಿದ್ದರೆ ಆಗ ಮನೆಯೊಳಗೆ ಕೂರಬೇಕಾಗಿಲ್ಲ.

ಇಲ್ಲಿ ನಾನು ಒಲಿಂಪಸ್ ಟಫ್ ಟಿಜಿ-6 ಕ್ಯಾಮೆರಾವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಅದು ಬಂದದ್ದು 2019ರಲ್ಲಿ. ಒಲಿಂಪಸ್‌ನ ಕ್ಯಾಮೆರಾ ವ್ಯವಹಾರ 2021ರ ಜನವರಿಯಲ್ಲಿ ಒಎಂ ಡಿಜಿಟಲ್ ಸೊಲ್ಯೂಷನ್ಸ್ ಕಂಪನಿಯ ಕೈಗೆ ಹೋಯಿತು, 2023ರಲ್ಲಿ ಒಎಂ ಸಿಸ್ಟಮ್ ಹೆಸರಿನಲ್ಲಿ ಟಿಜಿ-7 ಬಂತು. ಟಿಜಿ-7ಕ್ಕೆ ಯುಎಸ್‌ಬಿ-ಸಿ ಚಾರ್ಜಿಂಗ್, ನಿಲುವು ವಿಡಿಯೊ ಥರದ ಅನುಕೂಲಗಳು ಸೇರಿವೆ. ಚಿತ್ರದ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಹಾಗಾಗಿ ಎರಡರಲ್ಲಿ ಯಾವುದಿದ್ದರೂ ಇಲ್ಲಿನ ಮಾತು ಹೊಂದುತ್ತದೆ. ಬೇರೆ ಕಂಪನಿಯದಾದರೆ ಗುಂಡಿಗಳ ಜಾಗ ಬದಲಾದೀತು, ಕ್ರಮ ಬದಲಾಗದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕ್ಯಾಮೆರಾ ದೂರದ್ದಕ್ಕೆ ದಂಡ, ಹತ್ತಿರದ್ದಕ್ಕೆ ಗಟ್ಟಿಗ. ಇದರ ಸೆನ್ಸರ್ 1/2.3 ಇಂಚಿನದು, ಅಂದರೆ ಫುಲ್ ಫ್ರೇಮ್ ಸೆನ್ಸರಿನ ಸುಮಾರು ಮೂವತ್ತರಲ್ಲಿ ಒಂದು ಪಾಲು. ಕುದುರೆಮುಖದ ನೆತ್ತಿಯಿಂದ ಕಾಣುವ ಹತ್ತು ಸಾಲು ಬೆಟ್ಟಗಳನ್ನು ಹಿಡಿಯಲು ಹೊರಟರೆ ನಿಮ್ಮ ಜೇಬಿನ ಫೋನೇ ಇದಕ್ಕಿಂತ ಚೆನ್ನಾಗಿ ಹಿಡಿದೀತು. ಅದೇ ಬೆಟ್ಟದ ಬುಡದಲ್ಲಿ ಕಲ್ಲುಹೂವಿನ ಮೇಲೆ ಕೂತ ಅಕ್ಕಿಕಾಳಿನಷ್ಟು ಜೀರುಂಡೆ ಸಿಕ್ಕಿದರೆ ಫೋನು ಕಣ್ಣುಕಣ್ಣು ಬಿಡುತ್ತದೆ. ಮಳೆಯಲ್ಲಿ, ನೀರಲ್ಲಿ, ಒಂದು ಅಡಿಯೊಳಗೆ: ಇದರ ಸೀಮೆ ಇಷ್ಟು. ಇದನ್ನು ಒಪ್ಪಿಕೊಂಡವರಿಗೆ ಮಾತ್ರ ಈ ದುಡ್ಡು ದಂಡವಾಗುವುದಿಲ್ಲ.

ಡಬ್ಬದ ಮೇಲಿನ ಅಂಕಿಗಳನ್ನು ಓದುವ ಬಗೆ

15 ಮೀಟರ್ ಆಳದ ನೀರು, 2.1 ಮೀಟರ್ ಎತ್ತರದ ಬೀಳು, 100 ಕೆ.ಜಿ. ಭಾರ, ಮೈನಸ್ 10 ಡಿಗ್ರಿ ಚಳಿ. ಇಷ್ಟನ್ನೂ ತಡೆಯುತ್ತದೆಂದು ಟಿಜಿ-6ರ ಡಬ್ಬ ಹೇಳುತ್ತದೆ. ಹೇಳಿದ್ದು ಸುಳ್ಳಲ್ಲ. ಆದರೆ ಇವೆಲ್ಲ ಕಂಪನಿಯೊಳಗೆ, ಹೊಸ ಕ್ಯಾಮೆರಾದ ಮೇಲೆ, ಒಂದೊಂದಾಗಿ ನಡೆಸಿದ ಪರೀಕ್ಷೆಗಳು. ಬಂಡೆಯ ಮೇಲೆ ಬಿದ್ದ ಕ್ಯಾಮೆರಾ ಚಾಲೂ ಇರಬಹುದು. ಅದು ಮತ್ತೆ 15 ಮೀಟರ್ ಆಳಕ್ಕೆ ಇಳಿದೀತೆಂದು ಯಾರೂ ಭರವಸೆ ಕೊಡುವುದಿಲ್ಲ.

ಆಳದ ಲೆಕ್ಕ ನಿಂತ ನೀರಿನದು. ಪ್ರತಿ 10 ಮೀಟರ್ ಇಳಿದಂತೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಕ್ಯಾಮೆರಾ ಹಿಡಿದು ಬಂಡೆಯಿಂದ ಮಡುವಿಗೆ ಹಾರಿದರೆ, ಜಲಪಾತದ ಧಾರೆಯ ನೇರ ಬುಡಕ್ಕೆ ಒಡ್ಡಿದರೆ, ಆಳ ಎರಡೇ ಅಡಿ ಇದ್ದರೂ ಆ ಕ್ಷಣದ ಪೆಟ್ಟು ಬೇರೆಯದೇ. ಹಾರುವುದಾದರೆ ಕ್ಯಾಮೆರಾವನ್ನು ದಡದಲ್ಲಿದ್ದವರ ಕೈಗೆ ಕೊಟ್ಟು ಹಾರಿ, ಆಮೇಲೆ ಈಸಿಕೊಳ್ಳಿ.

ಕೊಳ್ಳುವ ಮೊದಲು ಬೇರೆಯವನ್ನೂ ನೋಡುವುದಾದರೆ: ರಿಕೋ ಡಬ್ಲ್ಯುಜಿ-6 20 ಮೀಟರ್, ಫ್ಯೂಜಿಫಿಲ್ಮ್ ಎಕ್ಸ್‌ಪಿ140 25 ಮೀಟರ್, ನಿಕಾನ್ ಡಬ್ಲ್ಯು300 30 ಮೀಟರ್ ಇಳಿಯುತ್ತವೆ. ಆಳದಲ್ಲಿ ಟಿಜಿ ಹಿಂದೆ. ಆದರೂ ನಾನು ಅದನ್ನೇ ಹೇಳುವುದು ಅದರ ಲೆನ್ಸ್ ಝೂಮ್ ಎಳೆಯದಿದ್ದಾಗ ಎಫ್ 2ಕ್ಕೆ (ಅಂದರೆ ಹೆಚ್ಚು ಬೆಳಕು ಬಿಡುವಷ್ಟು ಅಗಲಕ್ಕೆ) ತೆರೆಯುತ್ತದೆ, ಆಮೇಲೆ ಚೆನ್ನಾಗಿ ತಿದ್ದಲು ಬರುವ ಕಚ್ಚಾ ಚಿತ್ರವಾದ ರಾ ಫೈಲ್ ಕೊಡುತ್ತದೆ, ಮತ್ತು ಮುಂದೆ ಹೇಳುವ ಮೈಕ್ರೋಸ್ಕೋಪ್ ಮೋಡ್ ಇದೆ ಎಂಬ ಮೂರು ಕಾರಣಕ್ಕೆ. ಸೆಕೆಂಡ್ ಹ್ಯಾಂಡ್ ಟಿಜಿ ಅಗ್ಗಕ್ಕೆ ಸಿಕ್ಕರೆ ಮಳೆಗೆ ಮಾತ್ರ ಬಳಸುವ ಮನಸ್ಸು ಮಾಡಿಯೇ ಕೊಳ್ಳಿ. ಹಿಂದಿನ ಯಜಮಾನ ಅದನ್ನು ಎಲ್ಲೆಲ್ಲಿ ಮುಳುಗಿಸಿದ್ದ, ಎಷ್ಟು ಸಲ ಬೀಳಿಸಿದ್ದ ಎಂಬುದು ಹೊರಗಿನಿಂದ ಕಾಣುವುದಿಲ್ಲ.

ಹೊರಡುವ ಹಿಂದಿನ ರಾತ್ರಿ: ಬಾಗಿಲ ಪೂಜೆ

ನೀರು ಒಳಗೆ ಹೋಗುವುದು ಲೆನ್ಸಿನಿಂದ ಅಲ್ಲ, ಸ್ಕ್ರೀನಿನಿಂದಲೂ ಅಲ್ಲ. ಟಿಜಿ-6ಕ್ಕೆ ಎರಡು ಬಾಗಿಲುಗಳಿವೆ. ತಳದಲ್ಲಿ ಬ್ಯಾಟರಿ ಮತ್ತು ಕಾರ್ಡಿನದು, ಪಕ್ಕದಲ್ಲಿ ಕೇಬಲ್ ಸಿಕ್ಕಿಸುವುದು. ಎರಡರ ಸುತ್ತಲೂ ತೆಳ್ಳನೆಯ ರಬ್ಬರ್ ಪಟ್ಟಿ. ಇಡೀ ಕ್ಯಾಮೆರಾದ ಆಯಸ್ಸು ನಿಂತಿರುವುದು ಆ ಪಟ್ಟಿಯ ಮೇಲೆ. ಅದರ ಮೇಲೆ ಒಂದು ತಲೆಗೂದಲು ಅಡ್ಡ ಬಿದ್ದರೆ, ಬಟ್ಟೆಯ ಒಂದು ಎಳೆ ಕೂತರೆ, ಒಂದು ಮರಳ ಕಣ ಸಿಕ್ಕಿಕೊಂಡರೆ ನೀರಿಗೆ ಅಷ್ಟು ಸಾಕು.

ರಾತ್ರಿ ಊಟ ಮುಗಿಸಿ ಮೇಜಿನ ಮೇಲೆ ಒಂದು ಬಿಳಿ ಬಟ್ಟೆ ಹಾಸಿ ಕೂತುಕೊಳ್ಳಿ. ಫ್ಯಾನ್ ಆರಿಸಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಬಾಗಿಲು ತೆರೆದು ಫೋನಿನ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಕಸ ಓರೆ ಬೆಳಕಿನಲ್ಲಿ ನೆರಳು ಬಿಟ್ಟು ಸಿಕ್ಕಿಬೀಳುತ್ತದೆ. ಗಾಳಿ ಊದುವ ರಬ್ಬರ್ ಬುರುಡೆಯಿಂದ ಊದಿ, ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ನೂಲು ಬಿಡದ ಬಟ್ಟೆಯಿಂದ ಪಟ್ಟಿಯನ್ನೂ, ಅದು ಬಂದು ಒತ್ತಿಕೊಳ್ಳುವ ಎದುರಿನ ಅಂಚನ್ನೂ ಒರೆಸಿ. ಈ ಎದುರಿನ ಅಂಚನ್ನು ಒರೆಸುವವರು ಕಡಿಮೆ. ಹತ್ತಿ ಬೇಡ, ಎಳೆ ಬಿಡುತ್ತದೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಸವರುವ ಸಾಹಸವೂ ಬೇಡ.

ಬ್ಯಾಟರಿ ಪೂರ್ತಿ ತುಂಬಿರಲಿ, ಕಾರ್ಡ್ ಖಾಲಿಯಿರಲಿ. ಮಾರನೆಯ ದಿನ ಹೊರಗೆ ಬಾಗಿಲು ತೆರೆಯುವ ಪ್ರಸಂಗವೇ ಬರಬಾರದು, ಈ ಕಸರತ್ತೆಲ್ಲ ಅದಕ್ಕಾಗಿ. ಕಂಪನಿಯ ಲೆಕ್ಕದಲ್ಲಿ ಒಂದು ಚಾರ್ಜಿಗೆ ಸುಮಾರು 340 ಚಿತ್ರಗಳು ಬರುತ್ತವೆ. ಹಿತಮಿತವಾಗಿ ತೆಗೆದರೆ ಒಂದು ದಿನದ ಚಾರಣಕ್ಕೆ ಸಾಕು. ಕ್ಯಾಮೆರಾದ ನೆತ್ತಿಯ ಮೇಲೆ ಲಾಗ್ ಎಂಬ ಸ್ವಿಚ್ ಇದೆ. ಅದು ಜಿಪಿಎಸ್‌ನಿಂದ ನೀವು ನಡೆದ ದಾರಿ ಬರೆದಿಡುತ್ತದೆ, ಕ್ಯಾಮೆರಾ ಆಫ್ ಮಾಡಿದರೂ ಬರೆಯುತ್ತಲೇ ಇರುತ್ತದೆ. ರಾತ್ರಿ ತುಂಬಿಸಿದ ಬ್ಯಾಟರಿ ಬೆಳಗ್ಗೆ ಖಾಲಿ ಎಂದು ಗೊಣಗುವವರು ಮೊದಲು ಆ ಸ್ವಿಚ್ ನೋಡಬೇಕು.

ಬಾಗಿಲು ಮುಚ್ಚಿದ ಮೇಲೆ ಕ್ಲಿಕ್ ಎಂದು ಕೇಳಿದರೆ ಸಾಲದು, ಲಾಕ್ ಪೂರ್ತಿ ಸರಿದು ಕೂರಬೇಕು. ಉಗುರಿನಿಂದ ಒಮ್ಮೆ ಎಳೆದು ನೋಡಿ.

ಹೊಸ ಕ್ಯಾಮೆರಾವಾದರೆ, ಇಲ್ಲವೇ ತುಂಬ ದಿನ ಮೂಲೆಯಲ್ಲಿದ್ದುದಾದರೆ, ಬಕೆಟ್ ಪರೀಕ್ಷೆ ಮಾಡಿ. ಬ್ಯಾಟರಿ, ಕಾರ್ಡ್ ತೆಗೆದು ಆ ಜಾಗದಲ್ಲಿ ಒಣ ಟಿಶ್ಯೂ ಕಾಗದದ ಚಿಕ್ಕ ಮಡಿಕೆ ಇಡಿ. ಅದರ ತುದಿ ರಬ್ಬರಿಗೆ ತಾಗದಂತೆ ನೋಡಿಕೊಂಡು ಬಾಗಿಲು ಹಾಕಿ, ತಣ್ಣೀರಿನ ಬಕೆಟ್‌ನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಗುಳ್ಳೆಗಳು ಸಾಲಾಗಿ ಏಳುತ್ತಿವೆಯೇ ನೋಡಿ. ಮೊದಲಿಗೆ ಏಳುವ ಒಂದೆರಡು ಗುಳ್ಳೆ ಸಂದುಗೊಂದಿನ ಗಾಳಿ, ಅದಕ್ಕೆ ಹೆದರಬೇಕಿಲ್ಲ. ಹೊರತೆಗೆದು ಪೂರ್ತಿ ಒರೆಸಿ ಬಾಗಿಲು ತೆರೆದರೆ ಟಿಶ್ಯೂ ಒಣಗಿಯೇ ಇರಬೇಕು. ಬಕೆಟ್ ದಾಟಿದ ಕ್ಯಾಮೆರಾ 15 ಮೀಟರ್ ದಾಟೀತೆಂದು ಇದರಿಂದ ಸಾಬೀತಾಗುವುದಿಲ್ಲ. ಬಕೆಟ್ಟಿನಲ್ಲೇ ಸೋತದ್ದು ಕಡಲಿಗೆ ಹೋಗಬಾರದೆಂಬುದು ಮಾತ್ರ ಸಾಬೀತಾಗುತ್ತದೆ.

ಮನೆಯಲ್ಲೇ ಮುಗಿಸಬೇಕಾದ ಸೆಟ್ಟಿಂಗ್

ಒದ್ದೆ ಬೆರಳು, ನಡುಗುವ ಕೈ, ಕಿವಿಯ ಮೇಲೆ ಮಳೆ. ಆ ಹೊತ್ತಿನಲ್ಲಿ ಮೆನುವಿಗೆ ಇಳಿದವರು ಚಿತ್ರ ಕಳೆದುಕೊಳ್ಳುತ್ತಾರೆ. ಟಿಜಿ-6ರ ಮೋಡ್ ಚಕ್ರದಲ್ಲಿ ಸಿ1, ಸಿ2 ಎಂಬ ಎರಡು ಖಾಲಿ ಮನೆಗಳಿವೆ. ನಮಗೆ ಬೇಕಾದ ಸೆಟ್ಟಿಂಗನ್ನು ಅಲ್ಲಿ ಉಳಿಸಿಟ್ಟುಕೊಳ್ಳಬಹುದು. ನನ್ನ ಸಲಹೆ, ಸಿ1 ಮಳೆಗೆ, ಸಿ2 ನೀರೊಳಗೆ.

ಸಿ1ಗೆ ಎ ಮೋಡ್ ಆರಿಸಿ, ಅಪರ್ಚರ್ (ಬೆಳಕು ಬಿಡುವ ಕಿಂಡಿ) ಎಫ್ 2ರಲ್ಲಿ ಇಡಿ. ಸೆನ್ಸರ್ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂದು ಹೇಳುವ ಐಎಸ್‌ಒ ಆಟೊದಲ್ಲಿರಲಿ, ಮೇಲಿನ ಮಿತಿ 1600. ಅದರಾಚೆ ಈ ಸೆನ್ಸರಿನ ಚಿತ್ರ ಹಿಟ್ಟು ಚೆಲ್ಲಿದ ಹಾಗೆ ಆಗುತ್ತದೆ. ಫ್ಲ್ಯಾಶ್ ಆಫ್ ಇರಲೇಬೇಕು. ಇಲ್ಲದಿದ್ದರೆ ಲೆನ್ಸಿನ ಮುಂದೆ ಬೀಳುವ ಪ್ರತಿ ಹನಿಯೂ ಬಿಳಿ ಉಂಡೆಯಾಗಿ ಚಿತ್ರದ ತುಂಬ ಕೂರುತ್ತದೆ. ರಾ ಮತ್ತು ಜೆಪೆಗ್ ಎರಡೂ ಉಳಿಯಲಿ. ಸಿ2ಗೆ ನೀರೊಳಗಿನ ವೈಟ್ ಬ್ಯಾಲೆನ್ಸ್ (ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಹಾಕಿ, ಉಳಿದದ್ದು ಹೆಚ್ಚೂಕಡಿಮೆ ಅದೇ. ಸ್ಕ್ರೀನಿನ ಬೆಳಕು ಎರಡರಲ್ಲೂ ಹೆಚ್ಚಿರಲಿ.

ಇದರಲ್ಲಿ ಶಟರ್ ವೇಗ ನೇರವಾಗಿ ಆರಿಸುವ ಎಸ್ ಮೋಡ್ ಇಲ್ಲ. ಜಲಪಾತದ ನೀರನ್ನು ರೇಷ್ಮೆಯ ಎಳೆಯಂತೆ ಹಿಡಿಯುವ ಆಸೆಯಿದ್ದವರು ಎ ಮೋಡಿನಲ್ಲೇ ಎಫ್ 8, ಐಎಸ್‌ಒ 100 ಇಟ್ಟು, ಕ್ಯಾಮೆರಾವನ್ನು ಬಂಡೆಯ ಮೇಲೆ ಒರಗಿಸಿ, ಸೆಲ್ಫ್ ಟೈಮರಿನಲ್ಲಿ ತೆಗೆಯಬೇಕು. ಮೋಡ ಮುಸುಕಿದ ಕಾಡಿನಲ್ಲಿ ಇಷ್ಟಕ್ಕೇ ಶಟರ್ ಸಾಕಷ್ಟು ನಿಧಾನವಾಗುತ್ತದೆ.

ಮಳೆಯಲ್ಲಿ

ಅರಣ್ಯ ಇಲಾಖೆಯ ಅನುಮತಿ ಬೇಕಾದ ಚಾರಣಗಳಿಗೆ ಮೊದಲೇ ಬುಕಿಂಗ್ ಮಾಡಿಕೊಳ್ಳಿ. ಮಳೆ ಜೋರಾದಾಗ ದಾರಿಗಳನ್ನು ಮುಚ್ಚುತ್ತಾರೆ, ಅದನ್ನೂ ವಿಚಾರಿಸಿಕೊಳ್ಳಿ.

ನೀರು ತಡೆಯುವ ಕ್ಯಾಮೆರಾಕ್ಕೂ ಮಳೆಯಲ್ಲಿ ಒಬ್ಬ ಶತ್ರು ಇದ್ದಾನೆ. ಲೆನ್ಸಿನ ಮುಂದಿನ ಗಾಜಿನ ಮೇಲೆ ಕೂರುವ ಒಂದೇ ಒಂದು ಹನಿ. ಸಣ್ಣ ಸ್ಕ್ರೀನಿನಲ್ಲಿ ಅದು ಕಾಣುವುದಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಎಲ್ಲ ಚಿತ್ರಗಳ ನಡುವೆ ಮಸುಕು ಮಚ್ಚೆ. ಆದ್ದರಿಂದ ನಡೆಯುವಾಗ ಲೆನ್ಸ್ ಸದಾ ನೆಲದ ಕಡೆ ಮುಖ ಮಾಡಿರಲಿ. ತೆಗೆಯುವ ಮುನ್ನ ಒಮ್ಮೆ ಗಾಜು ನೋಡಿ, ಒರೆಸಿ, ತೆಗೆಯಿರಿ. ಒರೆಸುವ ಬಟ್ಟೆಯೇ ಒದ್ದೆಯಾಗಿದ್ದರೆ ಗಾಜಿಗೆ ಜೋರಾಗಿ ಗಾಳಿ ಊದಿದರೆ ಹನಿ ಅಂಚಿಗೆ ಸರಿಯುತ್ತದೆ. ಛತ್ರಿ ಹಿಡಿಯಲು ಜೊತೆಗಾರರೊಬ್ಬರಿದ್ದರೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಹಿಂದೆ ಗದ್ದೆ ಕೆಲಸಕ್ಕೆ ಬೆನ್ನಿಗೇರಿಸುತ್ತಿದ್ದ ಗೊರಬು ಇದಕ್ಕೆ ಹೇಳಿ ಮಾಡಿಸಿದಂತಿತ್ತು, ಎರಡೂ ಕೈ ಖಾಲಿ ಉಳಿಯುತ್ತಿತ್ತು. ಈಗ ಅದನ್ನು ಹೆಣೆಯುವವರನ್ನು ಹುಡುಕಬೇಕು.

ಮಲೆನಾಡಿಗೆ ಹೋದವರಿಗೆ ಇನ್ನೊಂದು ತಾಪತ್ರಯ ಇಂಬಳದ್ದು, ಅಂದರೆ ರಕ್ತ ಹೀರುವ ನೆಲದ ಜಿಗಣೆಯದ್ದು. ಕಾಲಿಗೆ ಹಚ್ಚಿಕೊಂಡ ಸುಣ್ಣ, ನಶ್ಯ, ಬೇವಿನೆಣ್ಣೆ, ಡೆಟಾಲ್ ಅದೇ ಕೈಯಿಂದ ಲೆನ್ಸಿಗೂ ಹತ್ತುತ್ತದೆ. ಸೊಳ್ಳೆ ಓಡಿಸುವ ಮುಲಾಮಿನಲ್ಲಿರುವ ಡೀಟ್ ಎಂಬ ರಾಸಾಯನಿಕ ಪ್ಲಾಸ್ಟಿಕ್ಕನ್ನು ಕರಗಿಸಬಲ್ಲದು. ಅದನ್ನು ಹಚ್ಚಿದ ಕೈ ತೊಳೆಯದೆ ಕ್ಯಾಮೆರಾ ಮುಟ್ಟಬೇಡಿ.

ಮಂಜು ಕವಿದಾಗ ಕ್ಯಾಮೆರಾ ಮೋಸಹೋಗುತ್ತದೆ. ಎದುರಿಗೆಲ್ಲ ಬಿಳುಪು ಕಂಡು ಬೆಳಕು ಜಾಸ್ತಿಯಾಯಿತೆಂದು ಬಗೆದು ಚಿತ್ರವನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ. ಚಿತ್ರದ ಬೆಳಕನ್ನು ಏರಿಳಿಸುವ ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು ಪ್ಲಸ್ 0.7ಕ್ಕೆ ಏರಿಸಿದರೆ ಮಂಜು ಮಂಜಿನಂತೆ ಕಾಣುತ್ತದೆ.

ಒಂದು ಸೆಂಟಿಮೀಟರ್ ದೂರದಲ್ಲಿ

ಈಗ ಅಸಲು ವಿಷಯ. ಮೋಡ್ ಚಕ್ರದಲ್ಲಿ ಸೂಕ್ಷ್ಮದರ್ಶಕದ ಚಿತ್ರವಿರುವ ಜಾಗಕ್ಕೆ ತಿರುಗಿಸಿ. ಇನ್ನು ಲೆನ್ಸಿನಿಂದ ಒಂದೇ ಒಂದು ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಕೂರುತ್ತದೆ. ಝೂಮ್ ಎಳೆದರೂ ಕೂರುತ್ತದೆ. ದುಬಾರಿ ಮ್ಯಾಕ್ರೊ ಲೆನ್ಸ್ ಹೊತ್ತವರು ಅಸೂಯೆಪಡುವ ಒಂದೇ ಗುಣ ಈ ಪುಟ್ಟ ಡಬ್ಬಿಯಲ್ಲಿದ್ದರೆ ಅದು ಇದು.

ಆದರೆ ಒಂದು ಸೆಂಟಿಮೀಟರಿಗೆ ಹೋಗಬಹುದು ಎಂದ ಮಾತ್ರಕ್ಕೆ ಹೋಗಲೇಬೇಕೆಂದಿಲ್ಲ. ಅಷ್ಟು ಹತ್ತಿರಕ್ಕೆ ಹೋದರೆ ಕ್ಯಾಮೆರಾದ ನೆರಳೇ ವಸ್ತುವಿನ ಮೇಲೆ ಬೀಳುತ್ತದೆ, ಜೀವವಿರುವುದು ಓಡಿಹೋಗುತ್ತದೆ. ಝೂಮನ್ನು ಅರ್ಧ ಎಳೆದು ಐದಾರು ಸೆಂಟಿಮೀಟರ್ ಹಿಂದೆ ನಿಂತರೆ ಎರಡೂ ತೊಂದರೆ ತಗ್ಗುತ್ತವೆ. ಸರಿಯಾದ ಬೆಳಕು ಬೇಕೆನ್ನುವವರಿಗೆ ಎಲ್‌ಜಿ-1 ಎಂಬ ಉಂಗುರ ಸಿಗುತ್ತದೆ. ಕ್ಯಾಮೆರಾದ ಎಲ್‌ಇಡಿ ದೀಪದ ಬೆಳಕನ್ನು ಅದು ಲೆನ್ಸಿನ ಸುತ್ತ ಹರಡುತ್ತದೆ. ಫ್ಲ್ಯಾಶಿನ ಬೆಳಕನ್ನು ಹರಡುವ ಎಫ್‌ಡಿ-1 ಇನ್ನೂ ವಾಸಿ. ಹೆಚ್ಚು ಬೆಳಕು ಕೊಡುತ್ತದೆ, ಕೈ ಅದುರಿದ್ದು ಗೊತ್ತಾಗುವುದಿಲ್ಲ.

ಫೋಕಸ್ ಆಳ ಇಲ್ಲಿ ಕೂದಲಿನಷ್ಟು ತೆಳ್ಳಗೆ. ಜೇಡದ ಕಣ್ಣು ಸ್ಪಷ್ಟವಾದರೆ ಕಾಲು ಮಸುಕು. ಶಟರ್ ಅರ್ಧ ಒತ್ತಿ ಫೋಕಸ್ ಹಿಡಿದು, ಮೊಣಕೈಯನ್ನು ನೆಲಕ್ಕೊ ಕಲ್ಲಿಗೊ ಊರಿ, ಉಸಿರು ಬಿಟ್ಟು ನಿಲ್ಲಿಸಿ, ಇಡೀ ಮೈಯನ್ನು ಎಳ್ಳಷ್ಟು ಮುಂದಕ್ಕೆ, ಎಳ್ಳಷ್ಟು ಹಿಂದಕ್ಕೆ ತೂಗುತ್ತ ಸಾಲಾಗಿ ಹತ್ತು ಚಿತ್ರ ತೆಗೆಯಿರಿ. ಒಂದಾದರೂ ಕೂತಿರುತ್ತದೆ. ಅಲುಗಾಡದ ವಸ್ತುವಾದರೆ ಫೋಕಸ್ ಸ್ಟ್ಯಾಕಿಂಗ್ ಬಳಸಿ. ಕ್ಯಾಮೆರಾ ತಾನೇ ಫೋಕಸನ್ನು ಸರಿಸುತ್ತ ಹಲವು ಚಿತ್ರ ತೆಗೆದು ಒಂದಾಗಿ ಹೊಲಿದುಕೊಡುತ್ತದೆ. ಪಾಚಿಯ ಕಾಂಡದ ತುದಿಯ ಪುಟ್ಟ ಟೋಪಿಗಳು, ಕೊಳೆತ ಕಟ್ಟಿಗೆಯ ಮೇಲಿನ ಅಣಬೆ, ಕಲ್ಲುಹೂವಿನ ಬಟ್ಟಲುಗಳಿಗೆ ಇದರಷ್ಟು ಒಳ್ಳೆಯದಿಲ್ಲ. ಗಾಳಿ ಬೀಸಿದರೆ ಮಾತ್ರ ಕೆಲಸ ಕೆಟ್ಟಿತು. ಗಾಳಿ ಬರುವ ದಿಕ್ಕಿಗೆ ಛತ್ರಿ ಅಡ್ಡವಿಡಿ.

ಏನು ಹುಡುಕಬೇಕೆಂದು ಕೇಳಿದರೆ, ಕರಾವಳಿಯವರಿಗೆ ಊರ ಹೊರಗಿನ ಮುರಕಲ್ಲಿನ ಪದವೇ (ಕೆಂಪುಕಲ್ಲಿನ ಬಯಲೇ) ಸಾಕು. ಬೇಸಗೆಯಲ್ಲಿ ಬೋಳು ಬಯಲು, ಮಳೆ ಬಿದ್ದು ತೆಳುವಾಗಿ ನೀರು ನಿಂತ ಮೇಲೆ ಅಲ್ಲಿ ಕೀಟ ಹಿಡಿಯುವ ಗಿಡಗಳು ಏಳುತ್ತವೆ. ಡ್ರೋಸೆರಾದ ಎಲೆಯ ಪ್ರತಿ ರೋಮದ ತುದಿಯಲ್ಲೂ ಅಂಟಿನ ಹನಿ. ಬರಿಗಣ್ಣಿಗೆ ಅದು ಮಳೆಹನಿ, ಮೈಕ್ರೋಸ್ಕೋಪ್ ಮೋಡಿನಲ್ಲಿ ಅದರಲ್ಲಿ ಸಿಕ್ಕಿಬಿದ್ದ ನೊಣದ ರೆಕ್ಕೆಯ ನರಗಳೂ ಕಾಣುತ್ತವೆ. ಪಕ್ಕದಲ್ಲೇ ನೇರಳೆ ಹೂವಿನ ಯುಟ್ರಿಕ್ಯುಲೇರಿಯಾ. ಇವನ್ನು ತೆಗೆಯಲು ಹೊಟ್ಟೆಯ ಮೇಲೆ ಮಲಗಬೇಕು, ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಬೇಕು. ಬೇರೆ ಕ್ಯಾಮೆರಾದಲ್ಲಿ ಆ ಧೈರ್ಯ ಬರುವುದಿಲ್ಲ.

ಇಂಬಳವನ್ನೇ ತೆಗೆದು ನೋಡಿ. ಎಲೆಯ ತುದಿಯಲ್ಲಿ ಹಿಂಬದಿಯ ಹೀರುಬಟ್ಟಲನ್ನು ಊರಿ ನೆಟ್ಟಗೆ ನಿಂತು ಗಾಳಿಯಲ್ಲಿ ತೂಗಾಡುತ್ತಿರುತ್ತದೆ. ನೀವು ಲೆನ್ಸ್ ತಂದರೆ ನಿಮ್ಮ ಉಸಿರು, ಮೈಶಾಖ ತಿಳಿದು ಅದು ಲೆನ್ಸಿನ ಕಡೆಗೇ ಚಾಚುತ್ತದೆ. ಓಡುವ ಮಾತಿಲ್ಲ, ತಾನಾಗಿಯೇ ಪೋಸು ಕೊಡುವ ಏಕೈಕ ಕಾಡುಜೀವಿ. ಮುಂದಿನ ಬಟ್ಟಲು ಗಾಜಿಗೆ ಹತ್ತುವ ಮೊದಲು ತೆಗೆದು ಮುಗಿಸಬೇಕು, ಅಷ್ಟೆ.

ಕಪ್ಪೆಗಳಿಗೆ ಪ್ರೊ ಕ್ಯಾಪ್ಚರ್ ಬಳಸಿ. ಶಟರ್ ಅರ್ಧ ಒತ್ತಿ ಕಾದಿದ್ದರೆ, ಪೂರ್ತಿ ಒತ್ತುವುದಕ್ಕೆ ಅರ್ಧ ಸೆಕೆಂಡ್ ಹಿಂದಿನಿಂದಲೂ ಚಿತ್ರಗಳು ಉಳಿಯುತ್ತವೆ. ಕಪ್ಪೆ ಹಾರಿದ್ದು ಕಂಡ ಮೇಲೆ ಒತ್ತಿದರೂ ಹಾರುವ ಮುನ್ನಿನದು ಸಿಕ್ಕಿರುತ್ತದೆ. ಕಪ್ಪೆಯನ್ನು ಕೈಯಲ್ಲಿ ಹಿಡಿದು ಬೇಕಾದ ಎಲೆಯ ಮೇಲೆ ಕೂರಿಸುವ ಚಾಳಿ ಕೆಲವರಿಗಿದೆ. ಅದರ ತೊಗಲು ಉಸಿರಾಡುವ ತೊಗಲು, ನಮ್ಮ ಕೈಯ ಉಪ್ಪು, ಮುಲಾಮು ಅದಕ್ಕೆ ವಿಷ. ಆಗುಂಬೆ ಕಡೆ ಮಳೆಗಾಲದಲ್ಲಿ ನೀರಗುಂಡಿಯ ಮೇಲೆ ಚಾಚಿದ ಎಲೆಗಳಲ್ಲಿ ಹಾರುವ ಕಪ್ಪೆಗಳು ನೊರೆಯ ಗೂಡು ಕಟ್ಟಿರುತ್ತವೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ನೇರ ಕೆಳಗಿನ ನೀರಿಗೆ ಬೀಳಲೆಂದೇ ಆ ಜಾಗ. ಚಿತ್ರಕ್ಕಾಗಿ ಎಲೆ ಬಗ್ಗಿಸಿದರೆ ಅವು ನೆಲಕ್ಕೆ ಬೀಳುತ್ತವೆ. ಚಿತ್ರದೊಳಗೆ ಜಿಪಿಎಸ್ ಗುರುತು ಅಡಗಿರುತ್ತದೆ ಎಂಬುದೂ ನೆನಪಿರಲಿ. ಅಪರೂಪದ ಸೀತಾಳೆ ಹೂವು, ಕಪ್ಪೆಗಳ ಚಿತ್ರ ಹಂಚಿಕೊಳ್ಳುವಾಗ ಅದನ್ನು ಅಳಿಸಿ. ಕೀಳಲು ಬರುವವರಿಗೆ ನಾವೇ ದಾರಿ ತೋರಿಸಿದಂತಾಗಬಾರದು.

ಹೊಳೆಯಲ್ಲಿ

ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಸೂಪಾ ಅಣೆಕಟ್ಟೆಯಿಂದ ಬಿಡುವ ನೀರನ್ನು ನಂಬಿಕೊಂಡದ್ದು, ಕೊಡಗಿನ ಬರಪೊಳೆಯದು ಮಳೆಗಾಲದ್ದು. ಎರಡರಲ್ಲೂ ಒಂದೇ ಮಾತು: ಹುಟ್ಟು ಹಾಕುವ ಕೈಯಲ್ಲಿ ಕ್ಯಾಮೆರಾ ಇರಬಾರದು. ನೀರು ಶಾಂತವಾಗಿರುವ ಕಡೆ ತೆಗೆಯಿರಿ, ಸುಳಿ ಬಂದಾಗ ಲೈಫ್ ಜಾಕೆಟ್ಟಿನೊಳಗೆ ತುರುಕಿ. ಕುತ್ತಿಗೆಗೆ ನೇತುಹಾಕಲೇಬೇಡಿ, ದೋಣಿ ಮಗುಚಿದರೆ ದಾರ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಕ್ಯಾಮೆರಾ ನೀರನ್ನು ತಡೆಯುತ್ತದೆ, ತೇಲುವುದಿಲ್ಲ. ಸುಮಾರು 250 ಗ್ರಾಂ ತೂಕದ ಅದು ಕಲ್ಲಿನಂತೆ ತಳ ಸೇರುತ್ತದೆ. ಮಣಿಕಟ್ಟಿಗೆ ಕಟ್ಟುವ ತೇಲುಪಟ್ಟಿ ಕೊಳ್ಳಿ, ಕಣ್ಣಿಗೆ ಹೊಡೆಯುವ ಕಿತ್ತಳೆಯೊ ಹಳದಿಯೊ ಇರಲಿ. ಅದು ನಿಮ್ಮ ಕ್ಯಾಮೆರಾವನ್ನು ನಿಜಕ್ಕೂ ಎತ್ತಿಹಿಡಿಯುತ್ತದೆಯೇ ಎಂದು ಬಕೆಟ್ಟಿನಲ್ಲಿ ಬಿಟ್ಟು ನೋಡಿ. ಅಗ್ಗದ ಪಟ್ಟಿಗಳು ಕ್ಯಾಮೆರಾದ ಜೊತೆ ತಾವೂ ಮುಳುಗುತ್ತವೆ.

ಕಡಲೊಳಗೆ

ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪ ನಮ್ಮ ಕಡೆಯ ಹೆಸರುವಾಸಿ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ) ತಾಣ. ಮಳೆಗಾಲದಲ್ಲಿ ಬಂದ್. ಮೊದಲ ಸಲ ಸ್ಕೂಬಾ ಮಾಡುವವರನ್ನು ಸಾಮಾನ್ಯವಾಗಿ 12 ಮೀಟರಿಗಿಂತ ಕೆಳಗೆ ಇಳಿಸುವುದಿಲ್ಲ, ಅಂದರೆ ಟಿಜಿಯ ಮಿತಿಯೊಳಗೇ. ಆದರೂ ಮೊದಲ ಸಲದವರು ಕ್ಯಾಮೆರಾ ಒಯ್ಯಬಾರದೆಂದೇ ನನ್ನ ಅಭಿಪ್ರಾಯ. ಉಸಿರಾಟ, ಕಿವಿಯ ಒತ್ತಡ, ಗುರುವಿನ ಕೈಸನ್ನೆ ನೋಡುವುದೇ ಕೈತುಂಬ ಕೆಲಸ. ಸ್ಕೂಬಾ ಕಲಿತು ಓಪನ್ ವಾಟರ್ ಎಂಬ ಸರ್ಟಿಫಿಕೇಟ್ ಪಡೆದವರು 18 ಮೀಟರ್ ಇಳಿಯಬಹುದು. ಆಗ ಬರಿ ಕ್ಯಾಮೆರಾ ಸಾಲದು, 45 ಮೀಟರ್ ತಡೆಯುವ ಪಿಟಿ-059 ಎಂಬ ಹೊರಕವಚ ಬೇಕು. ಕೊಳವೆಯಲ್ಲಿ ಉಸಿರಾಡುತ್ತ ಮೇಲ್ಮಟ್ಟದಲ್ಲೇ ಈಜುವ ಸ್ನಾರ್ಕಲಿಂಗ್ ಮಾಡುವವರಿಗೆ ಈ ತಲೆಬಿಸಿ ಇಲ್ಲ.

ನೀರೊಳಗೆ ಮೂರು ಸಂಗತಿ ಬದಲಾಗುತ್ತವೆ. ಮೊದಲನೆಯದು ಬಣ್ಣ. ಬೆಳಕಿನ ಕೆಂಪು ಪಾಲನ್ನು ನೀರು ಮೊದಲ ಕೆಲವು ಮೀಟರಿನಲ್ಲೇ ನುಂಗಿಬಿಡುತ್ತದೆ. ಕೆಂಪು ಮೀನು ಕಂದಾಗಿ, ಆಮೇಲೆ ಬೂದಿಯಾಗಿ ಕಾಣುತ್ತದೆ. ಇದಕ್ಕೇ ಸಿ2ರಲ್ಲಿ ನೀರೊಳಗಿನ ವೈಟ್ ಬ್ಯಾಲೆನ್ಸ್ ಇಟ್ಟದ್ದು. ಟಿಜಿ-6ರಲ್ಲಿ ಅದು ಮೂರು ಬಗೆ: ಮೇಲ್ಮಟ್ಟ, ನಡು, ಆಳ. ಇಳಿದಂತೆ ಬದಲಿಸಿ. ರಾ ಫೈಲ್ ಇದ್ದರೆ ಉಳಿದದ್ದನ್ನು ಮನೆಯಲ್ಲಿ ತಿದ್ದಬಹುದು.

ಎರಡನೆಯದು ಗಾತ್ರ. ನೀರಿನಿಂದ ಗಾಜು ದಾಟಿ ಒಳಗಿನ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಎಲ್ಲವೂ ಇರುವುದಕ್ಕಿಂತ ಕಾಲು ಭಾಗ ಹತ್ತಿರ ಕಾಣುತ್ತದೆ. 25 ಮಿ.ಮೀ. ಅಗಲದ ಲೆನ್ಸ್ 33 ಮಿ.ಮೀ.ಯಂತೆ ವರ್ತಿಸುತ್ತದೆ. ಗೆಳೆಯರ ಗುಂಪಿನ ಚಿತ್ರಕ್ಕೆ ಅಂದುಕೊಂಡದ್ದಕ್ಕಿಂತ ಹಿಂದೆ ಸರಿಯಬೇಕು.

ಮೂರನೆಯದು ನೀರಿನಲ್ಲಿ ತೇಲುವ ಕಸ. ನಮ್ಮ ಪಶ್ಚಿಮ ಕರಾವಳಿಯ ನೀರು ಅಂಡಮಾನಿನಷ್ಟು ತಿಳಿಯಲ್ಲ. ಫ್ಲ್ಯಾಶ್ ಹಾಕಿದರೆ ತೇಲುವ ಪ್ರತಿ ಕಣವೂ ಹೊಳೆದು ಚಿತ್ರಕ್ಕೆ ಹಿಮ ಸುರಿದಂತಾಗುತ್ತದೆ. ನಿಮಗೂ ಮೀನಿಗೂ ನಡುವೆ ನೀರು ಕಡಿಮೆಯಿದ್ದಷ್ಟೂ ಚಿತ್ರ ತಿಳಿ. ಒಂದು ಮೀಟರಿಗಿಂತ ದೂರವಿದ್ದರೆ ತೆಗೆಯಲೇ ಬೇಡಿ. ಝೂಮ್ ಎಳೆಯುವುದರಿಂದ ನಡುವಿನ ನೀರು ಕಡಿಮೆಯಾಗುವುದಿಲ್ಲ. ಮೀನನ್ನು ಅಟ್ಟಿಸಿಕೊಂಡು ಹೋದರೆ ಬಾಲದ ಚಿತ್ರ ಮಾತ್ರ ಸಿಗುತ್ತದೆ. ಒಂದೆಡೆ ಅಲುಗದೆ ತೇಲಿ ನಿಂತರೆ ಕುತೂಹಲಕ್ಕೆ ಅವೇ ಬರುತ್ತವೆ. ಬೆಳಗ್ಗೆ 10ರಿಂದ ಮಧ್ಯಾಹ್ನ 2ರವರೆಗಿನ ನೆತ್ತಿ ಬಿಸಿಲು ಆಳಕ್ಕೆ ಇಳಿಯುತ್ತದೆ. ಕೆಳಗಿನಿಂದ ಮೇಲಕ್ಕೆ ನೋಡುತ್ತ ತೆಗೆದರೆ ನೀಲಿಯ ಹಿನ್ನೆಲೆ ತಾನಾಗಿ ಬರುತ್ತದೆ. ಹವಳದ ಮೇಲೆ ಕಾಲೂರಿ ಕೈಯೂರಿ ಚಿತ್ರ ತೆಗೆಯಬೇಡಿ. ಅದು ಜೀವ, ಬಂಡೆಯಲ್ಲ.

ಲೆನ್ಸಿನ ಒಳಗಡೆ ಮಬ್ಬು ಕಟ್ಟುವುದನ್ನು ತಡೆಯಲು ಟಿಜಿ-6ರ ಮುಂದೆ ಎರಡು ಪದರದ ಗಾಜು ಇದೆ. ಆದರೂ ಸಮುದ್ರ ದಂಡೆಯ ಆ ತೇವದ ಗಾಳಿಯಲ್ಲಿ ಬಾಗಿಲು ತೆರೆದು ಮುಚ್ಚಿದರೆ ಒಳಗೆ ತೇವವನ್ನು ತುಂಬಿಟ್ಟಂತೆಯೇ. ದೋಣಿಯಲ್ಲಿ ಬ್ಯಾಟರಿ ಬದಲಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಮರಳಿ ಬಂದ ಮೇಲೆ

ಉಪ್ಪುನೀರು ಆರುವ ಮುನ್ನ ತೊಳೆಯಬೇಕು, ತಡಮಾಡಬಾರದು. ಆರಿದ ಉಪ್ಪು ಹರಳುಗಟ್ಟಿ ಗುಂಡಿಗಳ ಸಂದಿನಲ್ಲಿ ಕೂರುತ್ತದೆ, ರಬ್ಬರನ್ನು ಗೀರುತ್ತದೆ. ದೋಣಿ ಇಳಿದ ಕೂಡಲೆ ಒಂದು ಬಾಟಲಿ ಕುಡಿಯುವ ನೀರು ಸುರಿಯಿರಿ, ತಂಗಿದಲ್ಲಿಗೆ ಬಂದು ಹತ್ತು ನಿಮಿಷ ಬಕೆಟ್ಟಿನ ಸಿಹಿನೀರಿನಲ್ಲಿ ಮುಳುಗಿಸಿಡಿ. ಬಾಗಿಲು ಮುಚ್ಚಿಯೇ ಇರಬೇಕು. ನೀರೊಳಗೇ ಪ್ರತಿ ಗುಂಡಿಯನ್ನೂ ನಾಲ್ಕೈದು ಸಲ ಒತ್ತಿ, ಚಕ್ರವನ್ನು ಪೂರ್ತಿ ಸುತ್ತಿಸಿ, ಝೂಮ್ ಸನ್ನೆಯನ್ನು ಆಡಿಸಿ. ಮರಳು ಹೊರಬೀಳುವುದು ಕಾಣುತ್ತದೆ. ಸೋಪು ಬೇಡ, ನಲ್ಲಿಯ ಜೋರು ಧಾರೆ ಬೇಡ, ಬಚ್ಚಲ ಹಂಡೆಯ ಬಿಸಿನೀರಂತೂ ಬೇಡವೇ ಬೇಡ.

ಒರೆಸಿ, ನೆರಳಿನಲ್ಲಿ ಟವೆಲಿನ ಮೇಲೆ ಆರಲು ಬಿಡಿ. ಮೈಕ್, ಸ್ಪೀಕರಿನ ತೂತುಗಳಲ್ಲಿ ನೀರಿದ್ದಾಗ ವಿಡಿಯೊದ ದನಿ ಗುಬುಗುಬು ಎನ್ನುತ್ತದೆ, ಒಣಗಿದ ಮೇಲೆ ಸರಿಹೋಗುತ್ತದೆ. ಹೇರ್ ಡ್ರೈಯರ್ ಹಿಡಿಯಬೇಡಿ, ಕಾರಿನ ಡ್ಯಾಶ್‌ಬೋರ್ಡಿನ ಬಿಸಿಲಿಗೂ ಇಡಬೇಡಿ.

ಬಾಗಿಲು ತೆರೆಯುವುದು ಕೊನೆಗೆ. ಬಾಗಿಲಿನ ಗೆರೆಯುದ್ದಕ್ಕೂ ಮತ್ತೊಮ್ಮೆ ಒರೆಸಿ, ಬಾಗಿಲು ಕೆಳಮುಖವಾಗುವಂತೆ ಹಿಡಿದು ತೆರೆಯಿರಿ. ಅಂಚಿನಲ್ಲಿ ಅಡಗಿದ್ದ ಹನಿ ಒಳಗೆ ಬೀಳದೆ ಕೆಳಗೆ ಬೀಳುತ್ತದೆ. ರಬ್ಬರಿನ ಹೊರಬದಿಯಲ್ಲಿ ತೇವ ಕಂಡರೆ ಅದು ಸಹಜ. ಒಳಬದಿಯಲ್ಲಿ, ಬ್ಯಾಟರಿಯ ಮೇಲೆ ಕಂಡರೆ ನೀರು ದಾಟಿದೆ ಎಂದರ್ಥ. ಕೂಡಲೆ ಬ್ಯಾಟರಿ, ಕಾರ್ಡ್ ತೆಗೆಯಿರಿ, ಕೆಲಸ ಮಾಡುತ್ತದೆಯೇ ನೋಡೋಣವೆಂದು ಆನ್ ಮಾಡಬೇಡಿ, ಚಾರ್ಜಿಗಂತೂ ಹಾಕಲೇಬೇಡಿ. ಅಕ್ಕಿ ಡಬ್ಬದಲ್ಲಿ ಹುಗಿಯುವುದರಿಂದ ಸಂದಿಗೆಲ್ಲ ಅಕ್ಕಿಹಿಟ್ಟು ಸೇರುವುದೇ ಲಾಭ. ನೇರ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಆ ರಬ್ಬರ್ ಪಟ್ಟಿಗಳನ್ನು ವರ್ಷಕ್ಕೊಮ್ಮೆ ಬದಲಿಸಲು ಕಂಪನಿಯೇ ಹೇಳುತ್ತದೆ. ಮಳೆಗೆ ಮಾತ್ರ ಬಳಸುವವರು ಇದನ್ನು ಅಷ್ಟಾಗಿ ಹಚ್ಚಿಕೊಳ್ಳಬೇಕಿಲ್ಲ. ಕಡಲಿಗಿಳಿಯುವವರು ಸೀಸನ್ ಶುರುವಾಗುವ ಒಂದೆರಡು ತಿಂಗಳ ಮೊದಲೇ ಸರ್ವಿಸಿಗೆ ಕಳಿಸಿದರೆ ಒಳ್ಳೆಯದು, ಬಿಡಿಭಾಗ ಬರಲು ತಡವಾಗುವುದುಂಟು. ಬದಲಿಸಲು ಆಗದ ಹಳೆಯ ಕ್ಯಾಮೆರಾವನ್ನು ನೀರಿಗೆ ಬರಿದೇ ಇಳಿಸಬೇಡಿ, ಹೊರಕವಚದೊಳಗೆ ಹಾಕಿಯೇ ಇಳಿಸಿ. ಮಳೆಗೂ ಪಾಚಿಗೂ ಇಂಬಳಕ್ಕೂ ಅದು ಇನ್ನಷ್ಟು ವರ್ಷ ಬಾಳುತ್ತದೆ.